ತವಕ್ಕುಲ್ ಮತ್ತು ಟ್ಯಾಕ್ಸಿಯ ಹಿಂದಿನ ಸೀಟು

ಉಮ್ರಾಕ್ಕೆ ಹೊರಟ ನಮ್ಮವರ ಮನೆಯಲ್ಲಿ ಸಾಮಾನು ಕಟ್ಟುವ ಸಂಭ್ರಮವನ್ನು ನೋಡಬೇಕು. ಇಹ್ರಾಮಿನ ಬಟ್ಟೆ ಎರಡು ಜೊತೆ, ಸೊಂಟದ ಪಟ್ಟಿ, ವಾಸನೆಯಿಲ್ಲದ ಸೋಪು, ದಾದಿಯ ಬಿ.ಪಿ. ಮಾತ್ರೆ, ಉಪ್ಪಿನಕಾಯಿ ಬಾಟಲಿಗೆ ಮೂರು ಸುತ್ತು ಪ್ಲಾಸ್ಟಿಕ್, ಸೂಟ್‌ಕೇಸಿಗೆ ಹಗ್ಗ, ಹಗ್ಗಕ್ಕೆ ಗುರುತಿನ ಬಣ್ಣದ ಬಟ್ಟೆ. ಹಿಂದಿರುಗುವಾಗ 5 ಲೀಟರಿನ ಝಮ್‌ಝಮ್ ಡಬ್ಬಿ. ಅದು ಸೋರಬಾರದು, ಉರುಳಬಾರದು, ಯಾರೂ ಅದಕ್ಕೆ ಒರಗಬಾರದು. ಇಷ್ಟೆಲ್ಲವನ್ನೂ ಕಟ್ಟಿ ಬಿಗಿದು ಭದ್ರಪಡಿಸುವ ನಾವು ಕಟ್ಟದೆ ಬಿಡುವುದು ಒಂದನ್ನೇ. ಅದು ಒಂದೂವರೆ ವರ್ಷದ ಮಗು.

ಜಿದ್ದಾದಿಂದ ಮಕ್ಕಾಕ್ಕೆ ಸುಮಾರು 80 ಕಿಲೋಮೀಟರ್. ಮಕ್ಕಾದಿಂದ ಮದೀನಾಕ್ಕೆ ಸುಮಾರು 450. ರಸ್ತೆಗಳು ಅಗಲ, ನೇರ. ಗುಂಡಿಯಿಲ್ಲ, ದನವಿಲ್ಲ, ಆಟೋ ಇಲ್ಲ. ಹಾಗಾಗಿಯೇ ಮುಳ್ಳು ನೂರರ ಮೇಲೆಯೇ ನಿಂತಿರುತ್ತದೆ. ಆ ಟ್ಯಾಕ್ಸಿಯೊಳಗೆ ನಮ್ಮ ಕುಟುಂಬ ಹೇಗೆ ಕುಳಿತಿರುತ್ತದೆಂಬುದನ್ನು ಕಂಡವರೆಲ್ಲ ಬಲ್ಲರು. ಮನೆಯ ಯಜಮಾನ ಚಾಲಕನ ಪಕ್ಕ, ಬೆಲ್ಟ್ ಹಾಕಿಕೊಂಡು. ಮುಂದಿನವರು ಹಾಕದಿದ್ದರೆ ಪೊಲೀಸರಿಗೆ ಕಾಣುತ್ತದೆ, ಕ್ಯಾಮರಾಗಳಿಗೂ ಕಾಣುತ್ತದೆ. ಹಿಂದೆ ತಾಯಿ, ಅವಳ ತೊಡೆಯ ಮೇಲೆ ಮಗು, ಪಕ್ಕದಲ್ಲಿ ದಾದಿ, ನಡುವೆ ಬ್ಯಾಗು. ಹಿಂದಿನ ಬೆಲ್ಟಿನ ಕೊಂಡಿ ಸೀಟಿನ ಹೊದಿಕೆಯ ಕೆಳಗೆ ಎಲ್ಲೋ ಸೇರಿಹೋಗಿರುತ್ತದೆ, ಯಾರೂ ಹುಡುಕುವುದಿಲ್ಲ. ಮಗು ಅತ್ತರೆ ಅದನ್ನು ಎರಡು ಸೀಟುಗಳ ಸಂದಿಯಿಂದ ಮುಂದಕ್ಕೆ ದಾಟಿಸಿ ಅಪ್ಪನ ಮಡಿಲಿಗೆ ಕೊಡಲಾಗುತ್ತದೆ. ಅಲ್ಲಿ ಅದು ಏರ್‌ಬ್ಯಾಗಿನ ಬಾಯಿಗೆ ಎದುರಾಗಿ ಕುಳಿತು ನಗುತ್ತದೆ. ಅಪ್ಪ ಮೊಬೈಲಿನಲ್ಲಿ ವಿಡಿಯೋ ತೆಗೆದು ಊರಿಗೆ ಕಳಿಸುತ್ತಾನೆ.

ಉಮ್ರಾ ಪ್ರವಾಸ ನಡೆಸುವ ಒಬ್ಬ ಏಜೆಂಟರ ಬಳಿ ನಾವು ಈ ಮಾತನ್ನು ತೆಗೆದೆವು. ಸಂಭಾವಿತರು, ನಮಾಝಿಗಳು, ಗಿರಾಕಿಗಳನ್ನು ಮನೆಯವರಂತೆ ನೋಡಿಕೊಳ್ಳುವವರು. ಅವರು ನಕ್ಕು, "ಜನಾಬ್, ಮಗುವಿಗೆ ತಾಯಿಯ ತೊಡೆಗಿಂತ ದೊಡ್ಡ ಸೀಟು ಯಾವುದಿದೆ?" ಎಂದರು. ಅಲ್ಲಿದ್ದ ನಾಲ್ಕೈದು ಮಂದಿ ತಲೆದೂಗಿದರು. ಮಾತು ಎಷ್ಟು ಚೆನ್ನಾಗಿತ್ತೆಂದರೆ ಯಾವುದಾದರೂ ಮುಶಾಯಿರಾದಲ್ಲಿ ಹೇಳಿದ್ದರೆ ವಾಹ್ ವಾಹ್ ಸಿಗುತ್ತಿತ್ತು.

ಆದರೆ ಅದು ಸುಳ್ಳು. ಮಕ್ಕಳ ಜೀವ ತೆಗೆಯುವ ಸುಳ್ಳು. ಈ ಲೇಖನ ಬರೆಯುತ್ತಿರುವುದೇ ಆ ಸುಂದರ ವಾಕ್ಯದ ವಿರುದ್ಧ.

ತಾಯಿಯ ತೋಳಿನ ಬಲವನ್ನು ಲೆಕ್ಕ ಹಾಕೋಣ, ಶಾಲೆಯಲ್ಲಿ ಕಲಿತ ಭೌತಶಾಸ್ತ್ರ ಸಾಕು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಎದುರಿನದಕ್ಕೆ ಬಡಿದು, ಮುಂಭಾಗ ಜಜ್ಜಿ, ಅರ್ಧ ಮೀಟರಿನೊಳಗೆ ನಿಂತಿತೆನ್ನಿ. ಆ ಕ್ಷಣದಲ್ಲಿ 10 ಕಿಲೋ ತೂಕದ ಮಗುವನ್ನು ಹಿಡಿದು ನಿಲ್ಲಿಸಲು ಬೇಕಾಗುವ ಬಲ ಸುಮಾರು 200 ಕಿಲೋ ಭಾರಕ್ಕೆ ಸಮ. ಐವತ್ತು ಕಿಲೋದ ನಾಲ್ಕು ಅಕ್ಕಿಮೂಟೆಗಳು, ಕಣ್ಣು ಮಿಟುಕಿಸುವಷ್ಟರಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ ತೋಳಿನಿಂದ ಹಾರಿಹೋಗಲು ನೋಡುತ್ತವೆ. ಯಾವ ತಾಯಿಯೂ ಹಿಡಿಯಲಾರಳು. ಜಟ್ಟಿಯೂ ಹಿಡಿಯಲಾರ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, 50ರ ವೇಗದಲ್ಲಿ ಬಡಿಯುವುದೆಂದರೆ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೆಯ ಮಹಡಿಯಿಂದ, ನೆಲಕ್ಕೆ ಬಿದ್ದಂತೆ. ವೇಗ ನೂರಾದರೆ ಎತ್ತರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮೂರನೆಯ ಮಹಡಿಯ ಬಾಲ್ಕನಿಗೆ ಕಂಬಿ ಹಾಕಿಸದೆ ಮಗುವನ್ನು ಬಿಡದ ನಾವು, ಹನ್ನೆರಡು ಮಹಡಿಯ ಅಂಚಿನಲ್ಲಿ ಅದನ್ನು ನಿದ್ದೆ ಹೋಗಲು ಬಿಡುತ್ತೇವೆ.

ತಾಯಿಯೂ ಬೆಲ್ಟ್ ಹಾಕಿರದಿದ್ದರೆ ಸಂಗತಿ ಇನ್ನೂ ಘೋರ. ಅವಳ ಇಡೀ ಮೈ ಹಿಂದಿನಿಂದ ಬಂದು ಮಗುವನ್ನು ಮುಂದಿನ ಸೀಟಿಗೆ ಒತ್ತುತ್ತದೆ. ಕೆಲವರು ಜಾಣತನ ಮಾಡಿ ಒಂದೇ ಬೆಲ್ಟನ್ನು ಇಬ್ಬರಿಗೂ ಸೇರಿಸಿ ಬಿಗಿಯುತ್ತಾರೆ. ಆಗ ಬೆಲ್ಟಿಗೂ ತಾಯಿಗೂ ನಡುವೆ ಸಿಕ್ಕಿಕೊಂಡ ಮಗು ಮೆತ್ತೆಯಾಗುತ್ತದೆ. ತೊಡೆಯ ಪ್ರೀತಿ ದೊಡ್ಡದು, ನಿಜ. ಪ್ರೀತಿಗೆ ಕಾರು ನಿಲ್ಲಿಸಲು ಬರುವುದಿಲ್ಲ. ಮಕ್ಕಳ ಆಸನವನ್ನು ಸರಿಯಾಗಿ ಬಳಸಿದರೆ ಕೂಸುಗಳ ಸಾವಿನ ಸಂಭವ ಸುಮಾರು ಶೇ. 70ರಷ್ಟು ಇಳಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಇಷ್ಟು ದೊಡ್ಡ ಗುಣವಿರುವ ಔಷಧವೊಂದು ಬಂದಿದ್ದರೆ ಅದಕ್ಕಾಗಿ ನಾವು ಸಾಲು ನಿಲ್ಲುತ್ತಿದ್ದೆವು.

ಇಷ್ಟನ್ನು ಹೇಳಿದರೆ ಬರುವ ಎರಡನೆಯ ಉತ್ತರ ತಯಾರಾಗಿಯೇ ಇದೆ: "ಅಲ್ಲಾಹನ ಮನೆಗೆ ಹೋಗುತ್ತಿದ್ದೇವೆ, ಅವನೇ ಕಾಯುತ್ತಾನೆ. ತಕ್ದೀರಿನಲ್ಲಿದ್ದದ್ದು ತಪ್ಪೀತೇ?" ಈ ಮಾತಿಗೆ ಎದುರಾಡಿದವನು ಈಮಾನಿನ ಪ್ರಶ್ನೆಗೇ ಕೈ ಹಾಕಿದಂತೆ ಆಗಿಬಿಡುತ್ತದೆ, ಆದ್ದರಿಂದ ಸುಮ್ಮನಾಗುತ್ತಾನೆ. ನಾವು ಸುಮ್ಮನಾಗಬೇಕಾದ ಕಾರಣವಿಲ್ಲ. ತಿರ್ಮಿದಿಯವರ ಸಂಗ್ರಹದಲ್ಲಿರುವ ಒಂಟೆಯ ಹದೀಸನ್ನು ನಮ್ಮ ಮದ್ರಸಾದ ಮಕ್ಕಳೂ ಬಲ್ಲರು. ಒಂಟೆಯನ್ನು ಕಟ್ಟಿ ಭರವಸೆಯಿಡಲೇ, ಬಿಟ್ಟು ಭರವಸೆಯಿಡಲೇ ಎಂದು ಕೇಳಿದವನಿಗೆ ಪ್ರವಾದಿಯವರು(ಸ) ಮೊದಲು ಕಟ್ಟಲು ಹೇಳಿದರು, ಆಮೇಲೆ ಭರವಸೆಯಿಡಲು. ಹಝ್ರತ್ ಉಮರ್(ರ) ಸಿರಿಯಾದತ್ತ ಹೊರಟು ಸರ್ಗ್ ಎಂಬಲ್ಲಿಗೆ ಬಂದಾಗ ಮುಂದೆ ಪ್ಲೇಗ್ ಹಬ್ಬಿರುವ ಸುದ್ದಿ ಸಿಕ್ಕಿತು. ಅವರು ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಅಬೂ ಉಬೈದಾ(ರ) ಆಕ್ಷೇಪಿಸಿದಾಗ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆಂದು ಉತ್ತರಿಸಿದರು. ಒಣಗಿದ ಬಯಲು ಬಿಟ್ಟು ಹಸಿರಿರುವ ಕಡೆ ಒಂಟೆ ಮೇಯಿಸುವವನ ಉದಾಹರಣೆಯನ್ನೂ ಕೊಟ್ಟರು. ಇದು ಬುಖಾರಿಯಲ್ಲಿದೆ. ಈ ಎರಡನ್ನೂ ಓದಿದ ಮೇಲೂ ಬೆಲ್ಟ್ ಹಾಕದಿರುವುದನ್ನು ತವಕ್ಕುಲ್ ಎನ್ನುವವರು ತಮ್ಮ ಸೋಮಾರಿತನಕ್ಕೆ ಅರಬಿ ಹೆಸರಿಡುತ್ತಿದ್ದಾರೆ, ಅಷ್ಟೇ. ಅಂದಹಾಗೆ, ಇವರಾರೂ ಪಾಸ್‌ಪೋರ್ಟನ್ನು ತವಕ್ಕುಲಿನ ಮೇಲೆ ಹೋಟೆಲಿನ ಲಾಬಿಯಲ್ಲಿ ಬಿಟ್ಟು ಹೋಗುವುದಿಲ್ಲ.

ಸಾವಿನ ಸುದ್ದಿ ಬಂದಾಗ ನಾವು ಆಡುವ ಮಾತುಗಳನ್ನೂ ನೋಡಬೇಕು. 2019ರ ಅಕ್ಟೋಬರಿನಲ್ಲಿ ಮದೀನಾದ ಬಳಿ ಉಮ್ರಾ ಯಾತ್ರಿಕರ ಬಸ್ಸು ಅಪಘಾತಕ್ಕೀಡಾಗಿ 35 ಮಂದಿ ತೀರಿಕೊಂಡರು. 2025ರ ನವೆಂಬರಿನಲ್ಲಿ ಮದೀನಾದ ದಾರಿಯಲ್ಲೇ ಬಸ್ಸೊಂದು ಟ್ಯಾಂಕರಿಗೆ ಬಡಿದು ಉರಿದಾಗ ಹೈದರಾಬಾದಿನ ಕಡೆಯ 40ಕ್ಕೂ ಹೆಚ್ಚು ಯಾತ್ರಿಕರು ಹೋದರು, ಅವರಲ್ಲಿ ಮಕ್ಕಳೂ ಇದ್ದರು. ಆ ಬೆಂಕಿಗೆ ಯಾವ ಮಕ್ಕಳ ಆಸನವೂ ಉತ್ತರವಾಗುತ್ತಿರಲಿಲ್ಲ, ಅದನ್ನು ಒಪ್ಪಲೇಬೇಕು. ನೊಂದ ಕುಟುಂಬಗಳಿಗೆ ಪುಣ್ಯಭೂಮಿಯ ಮರಣವೆಂಬ ಸಮಾಧಾನ ಬೇಕು, ಅದು ಅವರ ಹಕ್ಕು. ನಮ್ಮ ತಕರಾರಿರುವುದು, ಸಂತಾಪ ಸೂಚಿಸಿ ಮನೆಗೆ ಬಂದವರು ಅದೇ ಸಮಾಧಾನವನ್ನು ತಮ್ಮ ಮುಂದಿನ ಪ್ರಯಾಣದ ಏರ್ಪಾಡಾಗಿ ಮಾಡಿಕೊಳ್ಳುವುದರ ಬಗ್ಗೆ. ದೊಡ್ಡವರು ಪುಣ್ಯದ ಮರಣವನ್ನು ಬಯಸಲಿ. ಒಂದೂವರೆ ವರ್ಷದ ಮಗು ಉಮ್ರಾವನ್ನೂ ಕೇಳಿರಲಿಲ್ಲ, ಶಹಾದತ್ತನ್ನೂ ಕೇಳಿರಲಿಲ್ಲ. ಅದು ನಮ್ಮ ಕೈಗೆ ಕೊಟ್ಟ ಅಮಾನತ್ತು.

ಕಾನೂನಿನ ಮಾತಿಗೆ ಬಂದರೆ, ಅರಬ್ ಸಂಯುಕ್ತ ಸಂಸ್ಥಾನದಲ್ಲಿ 2017ರ ಜುಲೈಯಿಂದ ಜಾರಿಗೆ ಬಂದ ನಿಯಮ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಪ್ರತ್ಯೇಕ ಆಸನವನ್ನು ಕಡ್ಡಾಯ ಮಾಡಿತು, ತಪ್ಪಿದರೆ 400 ದಿರ್ಹಮ್ ದಂಡ ಇಟ್ಟಿತು. ಸೌದಿಯಲ್ಲೂ ಇದು ದಂಡ ತೆರಬೇಕಾದ ತಪ್ಪು. ಆದರೂ ವಿಮಾನ ನಿಲ್ದಾಣದ ಮುಂದೆ ಸಾಲಾಗಿ ನಿಂತ ಟ್ಯಾಕ್ಸಿಗಳಲ್ಲಿ ಮಕ್ಕಳ ಆಸನ ಸಿಗುವುದು ಅಪರೂಪ. ಶಿಸ್ತಿಗೆ ಹೆಸರಾದ ದೇಶಗಳೂ ಇಲ್ಲಿ ಮುಖ ತಿರುಗಿಸಿಕೊಂಡಿವೆ. ಇಂಗ್ಲೆಂಡಿನಲ್ಲಿ ಟ್ಯಾಕ್ಸಿಯಲ್ಲಿ ಆಸನವಿಲ್ಲದಿದ್ದರೆ ಮೂರು ವರ್ಷದೊಳಗಿನ ಮಗು ಹಿಂದಿನ ಸೀಟಿನಲ್ಲಿ ಬೆಲ್ಟೂ ಇಲ್ಲದೆ ಹೋಗಬಹುದು. ಸಿಂಗಾಪುರದಲ್ಲಿ ಆ್ಯಪ್ ಮೂಲಕ ಬರುವ ಖಾಸಗಿ ಕಾರಿಗೆ ಮಕ್ಕಳ ಆಸನ ಬೇಕು, ಟ್ಯಾಕ್ಸಿಗೆ ರಿಯಾಯಿತಿ. ಒಂದೇ ರಸ್ತೆ, ಒಂದೇ ವೇಗ, ಒಂದೇ ಮಗು. ಕಾರಿನ ನೆತ್ತಿಯ ಮೇಲೊಂದು ದೀಪದ ಫಲಕವಿದ್ದರೆ ಅದರ ತಲೆಬುರುಡೆ ಗಟ್ಟಿಯಾಗುತ್ತದೆಯೇ? ದಾರಿಯಲ್ಲಿ ಕೈ ಬೀಸಿದವರಿಗೆಲ್ಲ ಹೊಂದುವ ಆಸನವನ್ನು ಟ್ಯಾಕ್ಸಿಯವನು ಇಟ್ಟುಕೊಳ್ಳಲಾರ ಎಂಬುದು ಸರ್ಕಾರಗಳ ಕಷ್ಟ. ಆ ಕಷ್ಟ ಅರ್ಥವಾಗುತ್ತದೆ. ಅದರ ಬೆಲೆಯನ್ನು ಕೂಸಿನಿಂದ ವಸೂಲು ಮಾಡುವುದು ಅರ್ಥವಾಗುವುದಿಲ್ಲ. ಟ್ಯಾಕ್ಸಿಯಲ್ಲಿ ಆಸನ ಇರುವುದಿಲ್ಲವಾದರೆ ನಾವೇ ಒಯ್ಯಬೇಕು, ಬೇರೆ ದಾರಿಯಿಲ್ಲ.

ಒಯ್ಯುವುದೇನೂ ಗುಡ್ಡ ಹೊತ್ತ ಹಾಗಲ್ಲ. ಮಗು ಜೊತೆಗಿದ್ದರೆ ಬಹುತೇಕ ವಿಮಾನ ಸಂಸ್ಥೆಗಳು ಮಕ್ಕಳ ಕಾರ್ ಸೀಟನ್ನು ಶುಲ್ಕವಿಲ್ಲದೆ ಸಾಮಾನಿನಲ್ಲಿ ಒಯ್ಯುತ್ತವೆ. ಟಿಕೆಟ್ ಮಾಡಿಸುವಾಗಲೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಹಗುರವಾದದ್ದನ್ನು, ಕಾರಿನ ಮಾಮೂಲಿ ಬೆಲ್ಟಿನಿಂದಲೇ ಬಿಗಿಯಬಹುದಾದದ್ದನ್ನು ಆರಿಸಬೇಕು. ಎಲ್ಲ ಟ್ಯಾಕ್ಸಿಗಳಲ್ಲೂ ಆಸನ ಸಿಕ್ಕಿಸುವ ಉಕ್ಕಿನ ಕೊಂಡಿಗಳು ಇರುವುದಿಲ್ಲ. ಹದಿನೈದು ತಿಂಗಳಾದರೂ ಆಗುವವರೆಗೆ ಮಗು ಹಿಂದಕ್ಕೆ ಮುಖ ಮಾಡಿ ಕುಳಿತಿರಬೇಕೆಂಬುದು ಯುರೋಪಿನಲ್ಲಿ ಚಾಲ್ತಿಯಲ್ಲಿರುವ ಹೊಸ ಮಾನದಂಡ. ಅದಕ್ಕೂ ಮೀರಿ, ಆಸನ ಅನುಮತಿಸುವಷ್ಟು ಕಾಲ ಹಾಗೆಯೇ ಕೂರಿಸಿದರೆ ಒಳ್ಳೆಯದು, ಏಕೆಂದರೆ ಆ ವಯಸ್ಸಿನಲ್ಲಿ ತಲೆ ಭಾರ, ಕತ್ತು ಎಳೆಯದು. ಯಾವ ಕಾರಣಕ್ಕೂ ಮುಂದಿನ ಸೀಟು ಬೇಡ. ಮನೆಯಲ್ಲಿ ಒಮ್ಮೆಯೂ ಕೂರಿಸದೆ ಜಿದ್ದಾದಲ್ಲಿ ನಡುರಾತ್ರಿ ಮೊದಲ ಬಾರಿಗೆ ಕಟ್ಟಿದರೆ ಮಗು ಆಕಾಶ ಭೂಮಿ ಒಂದು ಮಾಡುತ್ತದೆ. ಹೊರಡುವ ಎರಡು ವಾರ ಮೊದಲೇ ಅದರಲ್ಲಿ ಕೂರಿಸಿ ಉಣಿಸಿ ಆಡಿಸಿ ರೂಢಿ ಮಾಡಿಸಬೇಕು.

ಚಾಲಕ ಅವಸರ ಮಾಡುತ್ತಾನೆ ಎನ್ನುತ್ತಾರೆ. ಮಾಡುತ್ತಾನೆ. ಅವನೂ ನಮ್ಮಂತೆಯೇ ಊರು ಬಿಟ್ಟು ಬಂದವನು, ಪೇಶಾವರದವನೋ ಸಿಲ್ಹೆಟಿನವನೋ ಮಲಪ್ಪುರದವನೋ, ಅವನಿಗೂ ದಿನದ ಲೆಕ್ಕ ಒಪ್ಪಿಸಬೇಕಿದೆ. "ಭಾಯಿ, ಐದು ನಿಮಿಷ, ಕಾದದ್ದಕ್ಕೆ ಬೇರೆ ಕೊಡುತ್ತೇವೆ" ಎಂದರೆ ಒಪ್ಪದವರು ಕಡಿಮೆ. ಒಪ್ಪದವನ ಕಾರು ಹತ್ತದಿದ್ದರಾಯಿತು. ನಮ್ಮವರಿಗೆ ಉರ್ದು ಬರುತ್ತದೆ, ಖರ್ಜೂರದ ಅಂಗಡಿಯಲ್ಲಿ ಎರಡು ರಿಯಾಲಿಗೆ ಹತ್ತು ನಿಮಿಷ ಚೌಕಾಸಿ ಮಾಡಲು ಬರುತ್ತದೆ. ವೇಗ ತಗ್ಗಿಸೆಂದು ಹೇಳಲು ಮಾತ್ರ ಸಂಕೋಚ.

ಆಸನ ಒಯ್ಯಲು ಆಗಲೇ ಇಲ್ಲವೆಂದರೆ ದೂರದ ದಾರಿಗೆ ಟ್ಯಾಕ್ಸಿಯನ್ನೇ ಕೈಬಿಡಬಹುದು. 2018ರಿಂದ ಹರಮೈನ್ ರೈಲು ಮಕ್ಕಾ, ಜಿದ್ದಾ, ಮದೀನಾಗಳ ನಡುವೆ ಓಡುತ್ತಿದೆ, ಜಿದ್ದಾ ವಿಮಾನ ನಿಲ್ದಾಣದಲ್ಲೇ ಅದಕ್ಕೆ ನಿಲ್ದಾಣವಿದೆ. ದುಬೈಯಲ್ಲಿ 2009ರಿಂದ ಮೆಟ್ರೋ ಇದೆ. ಆದರೆ ನಮ್ಮ ಪ್ಯಾಕೇಜುಗಳ ಕಾಗದದಲ್ಲಿ ಹರಮಿನಿಂದ ಹೋಟೆಲು ಎಷ್ಟು ಮೀಟರ್ ಎಂಬುದು ದಪ್ಪಕ್ಷರದಲ್ಲಿರುತ್ತದೆ, ಬಿರಿಯಾನಿ ಯಾವ ದಿನವೆಂಬುದೂ ಇರುತ್ತದೆ. ಕೈಗೂಸಿಗೆ ಏನು ಏರ್ಪಾಡೆಂಬ ಸಾಲು ಇರುವುದಿಲ್ಲ. ಗಿರಾಕಿ ಕೇಳಿದರೆ ಏಜೆಂಟರು ನಾಳೆಯೇ ಬರೆಯುತ್ತಾರೆ, ಅವರು ವ್ಯಾಪಾರಸ್ಥರು.

ಕೇಳಬೇಕಾದವರು ಯಾರು ಎಂಬಲ್ಲಿ ಇನ್ನೊಂದು ಗಂಟಿದೆ. ಟಿಕೆಟಿನ ದುಡ್ಡು, ಸಾಮಾನಿನ ತೂಕ, ಗಾಡಿಯ ಮಾತು ಎಲ್ಲವೂ ಗಂಡಸರ ಕೈಯಲ್ಲಿ. ಸೊಸೆ ಬಾಯಿಬಿಟ್ಟು ಕಾರ್ ಸೀಟು ತೆಗೆದುಕೊಳ್ಳೋಣವೆಂದರೆ, "ನಾವೆಲ್ಲ ಮಕ್ಕಳನ್ನು ಸಾಕಲಿಲ್ಲವೇ?" ಎಂದು ಅತ್ತೆ, "ಏಳೆಂಟು ಸಾವಿರ ಯಾಕೆ ದಂಡ?" ಎಂದು ಗಂಡ, "ನಖರಾ" ಎಂದು ನಾದಿನಿ. ಅದೇ ಮನೆಯಲ್ಲಿ ಅದೇ ವಾರ ಬೀಳ್ಕೊಡುಗೆಯ ದಾವತ್ತಿಗೆ ನಲವತ್ತು ಸಾವಿರ ಕರಗಿರುತ್ತದೆ. ನಾಳೆ ಏನಾದರೂ ಆದರೆ "ತಾಯಿ ಸರಿಯಾಗಿ ಹಿಡಿದುಕೊಂಡಿರಲಿಲ್ಲ" ಎಂಬ ಮಾತು ಅವಳ ಜೀವಮಾನವಿಡೀ ಅವಳ ಬೆನ್ನ ಹಿಂದೆ ಬರುತ್ತದೆ. ಯಾರಿಂದಲೂ ಹಿಡಿಯಲಾಗದ ಭಾರವನ್ನು ಅವಳ ತೋಳಿಗೆ ಕೊಟ್ಟು ಆಮೇಲೆ ತೋಳನ್ನೇ ದೂರುವುದು. ತೊಡೆಯನ್ನು ಹೊಗಳುವ ಆ ಸುಂದರ ವಾಕ್ಯದ ಅಡಿಯಲ್ಲಿರುವುದು ಈ ಅನ್ಯಾಯ.

ವಿದೇಶದಲ್ಲಿ ಕಾಣುವ ಈ ರೂಢಿ ನಾವು ಇಲ್ಲಿಂದಲೇ ಕಟ್ಟಿಕೊಂಡು ಹೋದದ್ದು, ಅದನ್ನೂ ಹೇಳಿಬಿಡಬೇಕು. 2019ರಲ್ಲಿ ತಿದ್ದುಪಡಿಯಾದ ನಮ್ಮ ಮೋಟಾರು ವಾಹನ ಕಾಯ್ದೆಯೂ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಆಸನ ಬೇಕೆನ್ನುತ್ತದೆ, ಇಲ್ಲದಿದ್ದರೆ ಸಾವಿರ ರೂಪಾಯಿ ದಂಡವೆನ್ನುತ್ತದೆ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಆದರೂ ಹುಬ್ಬಳ್ಳಿಯಲ್ಲಿ, ಶಿವಮೊಗ್ಗದಲ್ಲಿ, ಕಲಬುರಗಿಯಲ್ಲಿ ಸ್ಕೂಟರಿನ ಮುಂದೆ ಮಗುವನ್ನು ನಿಲ್ಲಿಸಿ, ಹಿಂದೆ ಹೆಂಡತಿ, ಅವಳ ಮಡಿಲಲ್ಲಿ ಇನ್ನೊಂದು ಮಗು ಎಂದು ಈದ್‌ಗಾಹಿಗೆ ಹೋಗುವವರಿಗೆ ಜಿದ್ದಾದ ಟ್ಯಾಕ್ಸಿ ಅರಮನೆಯಂತೆ ಕಾಣುವುದು ಸಹಜ. ಸ್ಕೂಟರಿನ ವೇಗ ಮೂವತ್ತು, ಟ್ಯಾಕ್ಸಿಯದು ನೂರಿಪ್ಪತ್ತು ಎಂಬುದು ಮೆತ್ತನೆಯ ಸೀಟಿನಲ್ಲಿ, ಎ.ಸಿ.ಯ ತಂಪಿನಲ್ಲಿ ಮರೆತುಹೋಗುತ್ತದೆ.

ಪ್ರತಿ ವರ್ಷ ನಮ್ಮ ಊರುಗಳಲ್ಲಿ ಹಜ್, ಉಮ್ರಾ ಯಾತ್ರಿಕರಿಗೆ ತರಬೇತಿ ಶಿಬಿರಗಳು ನಡೆಯುತ್ತವೆ. ರಟ್ಟಿನ ಕಾಬಾ ಮಾಡಿ ನಿಲ್ಲಿಸಿ ತವಾಫಿನ ಅಭ್ಯಾಸ ಮಾಡಿಸುತ್ತಾರೆ, ಇಹ್ರಾಮಿನ ಬಟ್ಟೆ ಜಾರದಂತೆ ಉಡುವುದನ್ನು ತೋರಿಸುತ್ತಾರೆ. ಒಳ್ಳೆಯ ಕೆಲಸ. ಅದೇ ಶಿಬಿರದಲ್ಲಿ ಹತ್ತು ನಿಮಿಷ ಬಿಡುವು ಮಾಡಿಕೊಂಡು ಒಂದು ಮಕ್ಕಳ ಆಸನವನ್ನು ಬೆಲ್ಟಿನಿಂದ ಬಿಗಿಯುವುದು ಹೇಗೆ, ಪಟ್ಟಿಯ ಸಡಿಲ ನೋಡುವುದು ಹೇಗೆ ಎಂದು ಗಂಡಸರ ಕೈಯಲ್ಲೇ ಮಾಡಿಸಲಿ. ಆಸನವೊಂದನ್ನು ಮಸೀದಿ ಕಮಿಟಿಯೇ ಕೊಂಡಿಟ್ಟು ಒಂದು ಕುಟುಂಬದಿಂದ ಇನ್ನೊಂದಕ್ಕೆ ದಾಟಿಸಲೂಬಹುದು. ಜನಾಝಾದ ಮಂಚವನ್ನು ಹಾಗೆಯೇ ಇಟ್ಟುಕೊಂಡಿದ್ದೇವಲ್ಲ. ಅಭ್ಯಾಸಕ್ಕೆ ಬೇಕಾದ ಕಾರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಶಿಬಿರಕ್ಕೆ ಬಂದವರದೇ ನಾಲ್ಕಾರು ಹೊರಗೆ ನಿಂತಿರುತ್ತವೆ.