ರೀಸೆಟ್ ಎಂಬ ಕಾರ್ಣಿಕ

ನಮ್ಮೂರು ದೇವರಗುಡ್ಡ. ದಸರೆಯಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಅಂದರೆ ಇಡೀ ಗುಡ್ಡ ಗಪ್‌ಚಿಪ್. ಆಮೇಲೆ ಬರೋದು ಒಂದೇ ಸಾಲು. ಅದು ಮಳೆಗೋ ಬೆಳೆಗೋ ರಾಜಕೀಯಕ್ಕೋ ಅಂತ ಜನ ವರ್ಷವಿಡೀ ಅರ್ಥ ಹಚ್ಚುತ್ತಾರೆ.

ಐಟಿ ಸಪೋರ್ಟಿನವರದೂ ಒಂದೇ ಸಾಲಿನ ಕಾರ್ಣಿಕ: ‘ಸರ್, ನೆಟ್‌ವರ್ಕ್ ರೀಸೆಟ್ ಮಾಡಿ.’ ಇದರ ಅರ್ಥ ಮಾತ್ರ ಯಾರೂ ಕೇಳೋದಿಲ್ಲ.

ನಾನೂ ಕೇಳಲಿಲ್ಲ. ಅಮೆರಿಕದ ಕ್ಲೈಂಟಿಗೆ ಆಯುಧಪೂಜೆ ಗೊತ್ತಿಲ್ಲವಾದ್ದರಿಂದ ಊರಿಂದಲೇ ಲಾಗಿನ್ ಆಗಿದ್ದೆ. ನೆಟ್ ಹೋಯಿತು, ಫೋನ್ ಮಾಡಿದೆ, ಹೇಳಿದಂತೆ ಬಟನ್ ಒತ್ತಿದೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಗುವಷ್ಟರಲ್ಲಿ ವೈಫೈ ಪಾಸ್‌ವರ್ಡ್‌ಗಳೂ ಆಫೀಸಿನ ವಿಪಿಎನ್ನೂ ಶಿವಾಯನಮಃ. ನೆಟ್ ಮಾತ್ರ ಬರಲಿಲ್ಲ.

ಸಂಜೆ ಕೇಬಲ್ ಹುಡುಗ ಬಂದವನೇ, ‘ಅಣ್ಣಾ, ಮೋಡೆಮ್ನ್ಯಾಗ ಕೆಂಪು ಲೈಟ್ ಹತ್ತೇತಿ, ನೋಡಿಲ್ಲೇನ್ರೀ?’ ಅಂದ. ಬೀದಿಯಲ್ಲಿ ಫೈಬರ್ ತುಂಡಾಗಿತ್ತು. ಮೊದಲೇ ಫೋನಿನ ಹಾಟ್‌ಸ್ಪಾಟ್ ಹಚ್ಚಿಕೊಂಡಿದ್ದರೆ ಕೆಲಸ ನಡೆಯುತ್ತಿತ್ತು. ಈಗ ಹಾಟ್‌ಸ್ಪಾಟ್ ಇತ್ತು, ವಿಪಿಎನ್ ಇರಲಿಲ್ಲ. ಅದನ್ನು ಹಾಕಿಕೊಡುವವರು ಹಬ್ಬದ ರಜೆಯಲ್ಲಿ. ಎರಡು ದಿನದ ಸಂಬಳ ಕಟ್. ರೀಸೆಟ್ ಹೇಳಿದವರದಲ್ಲ, ನನ್ನದು.

2016ರಿಂದ ವಿಂಡೋಸ್ 10ರೊಳಗೆ ಕೂತಿರುವ ಈ ಬಟನ್ ರೋಗ ಹುಡುಕುವುದಿಲ್ಲ. ನೆಟ್‌ವರ್ಕ್ ಅಡಾಪ್ಟರುಗಳನ್ನೆಲ್ಲ ಕಿತ್ತು ಮರಳಿ ಕೂರಿಸುತ್ತದೆ, ಉಳಿದ ಸೆಟ್ಟಿಂಗ್‌ಗಳನ್ನು ಮೊದಲಿನಂತೆ ಮಾಡುತ್ತದೆ. ವಿಪಿಎನ್ ಮತ್ತೆ ಹಾಕಬೇಕಾದೀತು ಅಂತ ಮೈಕ್ರೋಸಾಫ್ಟೇ ಎಚ್ಚರಿಸುತ್ತದೆ. ಡ್ರೈವರ್ ಕೆಟ್ಟಿದ್ದರೆ, ಹಳೇ ವಿಪಿಎನ್ ಕಸ ಉಳಿದಿದ್ದರೆ ಇದು ಒಳ್ಳೇ ಔಷಧಿಯೇ. ಆದರೆ ಕೊನೆಯ ಔಷಧಿ.

ಮೊದಲು ಅದೇ ವೈಫೈನಲ್ಲಿ ಫೋನ್ ನೋಡಿ. ಅಲ್ಲೂ ನೆಟ್ ಇಲ್ಲವೆಂದರೆ ಲ್ಯಾಪ್‌ಟಾಪ್ ಬಹುಪಾಲು ನಿರಪರಾಧಿ. ಐಪಿ ವಿಳಾಸ 169.254 ಅಂತ ಶುರುವಾದರೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ. 8.8.8.8ಕ್ಕೆ ಪಿಂಗ್ ಹೋಗಿಯೂ ಸೈಟ್ ತೆರೆಯದಿದ್ದರೆ ಡಿಎನ್‌ಎಸ್ ಮೇಲೆ ಅನುಮಾನ ಪಡಿ. ಎಲ್ಲಾ ಸೇರಿ ಐದು ನಿಮಿಷದ ಕೆಲಸ.

ಆ ಐದು ನಿಮಿಷ ಸಪೋರ್ಟಿನವರಿಗೆ ಯಾಕಿಲ್ಲ? ಅವರ ಲೆಕ್ಕ ಇರೋದು ಮುಚ್ಚಿದ ಟಿಕೆಟ್‌ಗಳದು, ಬಂದ ನೆಟ್ಟಿನದಲ್ಲ. ಆ ಹುಡುಗರನ್ನು ಬೈದು ಪ್ರಯೋಜನವಿಲ್ಲ. ಅವರ ಕೈಗೆ ಆ ಒಂದೇ ಸಾಲು ಕೊಟ್ಟು ಕೂರಿಸಿದವರನ್ನು ಕೇಳಬೇಕು.

ಮುಂದಿನ ಸಲ ಯಾರಾದರೂ ‘ರೀಸೆಟ್ ಮಾಡಿ’ ಅಂದರೆ ‘ಯಾಕೆ?’ ಅನ್ನಿ. ಕಾರ್ಣಿಕಕ್ಕೇ ಅರ್ಥ ಕೇಳುವ ನಾಡು ನಮ್ಮದು, ಕಸ್ಟಮರ್ ಕೇರಿಗೆ ಕೇಳಬಾರದೇ?