ಸೋಲಾರ್ ಇದೆ, ಬಿಸಿನೀರು ಇದೆಯಾ?

ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಈ ಮಾತು ಬಾಯಿಪಾಠ: “ಕಾವೇರಿ ಇದೆ, ಬೋರ್ ಇದೆ, ಸೋಲಾರ್ ಇದೆ ಮೇಡಂ.” ಮೊದಲೆರಡು ನಲ್ಲಿ ತಿರುಗಿಸಿದರೆ ಗೊತ್ತಾಗುತ್ತೆ. ಮೂರನೆಯದು ಗೊತ್ತಾಗೋದು ಅಡ್ವಾನ್ಸ್ ಕೊಟ್ಟು, ಸಾಮಾನು ಇಳಿಸಿ, ಡಿಸೆಂಬರಿನ ಒಂದು ಬೆಳಿಗ್ಗೆ ಆರೂವರೆಗೆ ಬಕೆಟ್ ಮುಂದೆ ನಿಂತಾಗ.

ಒಮ್ಮೆ ನಿಮ್ಮ ಬಿಲ್ಡಿಂಗಿನ ಟೆರೇಸಿಗೆ ಹೋಗಿ ಸುತ್ತ ನೋಡಿ. ಮನೆಮನೆಯ ಮೇಲೂ ಸೋಲಾರ್ ಕಾಣುತ್ತೆ. ಅದರಲ್ಲಿ ಎಷ್ಟೋ ಗಾಜಿನ ಮೇಲೆ ಹೆಸರು ಬರೆಯುವಷ್ಟು ಧೂಳು, ಒಂದೆರಡು ಟ್ಯೂಬ್ ಒಡೆದಿದೆ, ಸ್ಟ್ಯಾಂಡಿಗೆ ಬಟ್ಟೆ ಒಣಗಿಸೋ ಹಗ್ಗ ಕಟ್ಟಿದೆ. ಹಗ್ಗದ ಕೆಲಸವಾದರೂ ನಡೀತಿದೆ ಅನ್ನಿ.

ಇಷ್ಟೊಂದು ಸೋಲಾರ್ ಬಂದಿದ್ದು ಸುಮ್ಮನೆ ಅಲ್ಲ. 2007ರ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಹಾಕಿಸಿಕೊಂಡವರಿಗೆ ಕರೆಂಟ್ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ 50 ರೂಪಾಯಿ ಮೀರದಂತೆ ರಿಯಾಯಿತಿಯೂ ಇತ್ತು. ಹಾಕಿಸೋದನ್ನ ರೂಲ್ಸ್ ನೋಡಿಕೊಂಡಿತು. ಆಮೇಲಿನದ್ದು ಮನೆಯವರ ಪಾಲಿಗೆ ಬಂತು. ಆದರೆ ಯಾವ ಮನೆಯವರು? ಸೋಲಾರ್ ಓನರ್‌ದು, ಬಿಸಿನೀರು ಬಾಡಿಗೆದಾರರದು. ಈ ಎರಡರ ನಡುವೆ ಸರ್ವಿಸ್ ಅನ್ನೋದು ಯಾರದೂ ಅಲ್ಲ.

ಸಾಮಾನ್ಯವಾಗಿ ಇದನ್ನ ಹಾಳು ಮಾಡೋದು ನಮ್ಮ ಬೋರ್ ನೀರು. ಕಾವೇರಿ ಬರೋದು ದಿನ ಬಿಟ್ಟು ದಿನ, ಅದೂ ಸಾಲದು. ಹಾಗಾಗಿ ಸಿಹಿನೀರು, ಉಪ್ಪುನೀರು, ಟ್ಯಾಂಕರ್ ನೀರು ಎಲ್ಲ ಒಂದೇ ಸಂಪಿಗೆ. ಕುಡಿಯೋ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 600ರವರೆಗೂ ಓಕೆ ಅನ್ನುತ್ತೆ ಬಿಐಎಸ್. ಗಡಸು ನೀರನ್ನ ಕಾಯಿಸಿದರೆ ಅದರಲ್ಲಿ ಕರಗಿರೋ ಕ್ಯಾಲ್ಸಿಯಂ ಬೈಕಾರ್ಬೊನೇಟ್, ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತೆ. ನಲ್ಲಿ ಬಾಯಲ್ಲಿ ಕಾಣೋ ಬಿಳಿ ಪೊರೆ ಅದೇ. ಹಳೆಯ ತಾಮ್ರದ ಪ್ಯಾನೆಲ್ ಆದರೆ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಗಾಜಿನ ಟ್ಯೂಬಿನದು ಸ್ವಲ್ಪ ತಡ್ಕೊಳ್ಳುತ್ತೆ, ಆದರೆ ತಳದಲ್ಲಿ ಪುಡಿ ತುಂಬ್ತಾ ಬರುತ್ತೆ. ಬಾತ್‌ರೂಮಿನ ಕರೆಂಟ್ ಗೀಸರಿಗೂ ಇದೇ ಗತಿ. ಆನ್ ಮಾಡಿದಾಗ ಒಳಗೆ ಕಟಕಟ ಸದ್ದು ಬಂದರೆ ರಾಡ್ ಮೇಲೆ ಸುಣ್ಣ ಕೂತಿರಬಹುದು. ಥರ್ಮೋಸ್ಟಾಟ್ 50–55 ಡಿಗ್ರಿಗೆ ಇಳಿಸಿದರೆ ಪೊರೆ ಕಟ್ಟೋದು ನಿಧಾನವಾಗುತ್ತೆ. ಗೀಸರ್ ಒಳಗಿನ ಮೆಗ್ನೀಸಿಯಂ ರಾಡ್, ಟ್ಯಾಂಕ್ ತುಕ್ಕು ಹಿಡಿಯದಿರಲಿ ಅಂತ ತಾನೇ ಸವೆಯುತ್ತೆ. ಅದನ್ನ ಬದಲಾಯಿಸಬೇಕು ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಲೆಕ್ಕ ನೋಡಿ (ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಬೇಡವಾ). 100 ಲೀಟರ್ ನೀರನ್ನ 22ರಿಂದ 60 ಡಿಗ್ರಿಗೆ ಕಾಯಿಸೋಕೆ ಸುಮಾರು 4.4 ಯೂನಿಟ್ ಬೇಕು. ಬಿಸಿಲಿದ್ದ ದಿನ ಸೋಲಾರ್ ಇದನ್ನ ಪುಕ್ಕಟೆ ಕೊಡುತ್ತೆ. ಅದು ಕೈಕೊಟ್ಟು, ಇಬ್ಬರ ಸ್ನಾನಕ್ಕೆ ದಿನಕ್ಕೆ 2 ಯೂನಿಟ್ ಅಂತ ಗೀಸರ್ ಓಡಿಸಿದರೂ ತಿಂಗಳಿಗೆ 60 ಯೂನಿಟ್. ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ಅಲ್ಲಿ ಈ 60 ಉರಿಯುತ್ತೆ.

ಕರೆಂಟ್ ಉಳಿಸೋಣ ಅಂತ ಜನ ಮಾಡೋ ಮುಂದಿನ ಕೆಲಸವೇ ನನಗೆ ಭಯ ಹುಟ್ಟಿಸೋದು. ಕಡಿಮೆ ದುಡ್ಡಿಗೆ ಸಿಗುತ್ತೆ, ಕ್ಷಣದಲ್ಲಿ ನೀರು ಕಾಯುತ್ತೆ ಅಂತ ಬಾತ್‌ರೂಮ್ ಒಳಗೇ ಗ್ಯಾಸ್ ಗೀಸರ್ ಹಾಕಿಸೋದು. ಸಿಲಿಂಡರ್ ಗ್ಯಾಸಿಗೆ ವಾಸನೆ ಬೆರೆಸಿರ್ತಾರೆ, ಸೋರಿದರೆ ಮೂಗಿಗೆ ಗೊತ್ತಾಗುತ್ತೆ. ಆದರೆ ಗಾಳಿ ಸಾಲದೆ ಅದು ಅರ್ಧಂಬರ್ಧ ಉರಿದಾಗ ಹುಟ್ಟೋ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ಹಿಮೋಗ್ಲೋಬಿನ್ ಆಕ್ಸಿಜನ್‌ಗಿಂತ 200 ಪಟ್ಟು ಗಟ್ಟಿಯಾಗಿ ಅದನ್ನ ಹಿಡಿದುಕೊಳ್ಳುತ್ತೆ. ತಲೆ ಸುತ್ತುತ್ತೆ, ಕೈಕಾಲು ಸೋಲುತ್ತೆ, ಎದ್ದು ಚಿಲಕ ತೆಗೆಯೋಕೂ ಶಕ್ತಿ ಇರಲ್ಲ. ಬೆಂಗಳೂರಿನ ಪತ್ರಿಕೆಗಳಲ್ಲಿ ಇಂಥ ಸಾವಿನ ಸುದ್ದಿ ಮತ್ತೆ ಮತ್ತೆ ಬಂದಿದೆ. ಚಿಕ್ಕ ವಯಸ್ಸಿನ ದಂಪತಿ, ಮಕ್ಕಳು. ಎಕ್ಸಾಸ್ಟ್ ಫ್ಯಾನ್ ಇದೆ ಅಂತ ನಂಬಿಕೊಂಡು ಕೂರಬೇಡಿ. ಗ್ಯಾಸ್ ಗೀಸರ್ ಬೇಕೇ ಬೇಕು ಅಂದರೆ ಅದು ಗಾಳಿಯಾಡೋ ಕಡೆ ಹೊರಗಿರಲಿ, ಪೈಪ್ ಮಾತ್ರ ಒಳಗೆ ಬರಲಿ.

ಬಚ್ಚಲಲ್ಲಿ ಬೆಂಕಿ ನಮಗೆ ಹೊಸದಲ್ಲ. ಅಜ್ಜಿ ಮನೆಯಲ್ಲಿ ಹಂಡೆ ಒಲೆ ಇತ್ತು, ಮೇಲೆ ಹೊಗೆ ಹೋಗೋಕೆ ಗೂಡು, ಸಂದಿ ಬಿಟ್ಟ ಹೆಂಚು. ಹೊಗೆ ಕಣ್ಣಿಗೆ ಕಾಣ್ತಿತ್ತು, ಕೆಮ್ಮು ಬರ್ತಿತ್ತು, ಹೊರಗೆ ಓಡ್ತಿದ್ವಿ. ವರ್ಷಕ್ಕೊಮ್ಮೆ ದೀಪಾವಳಿಯ ನೀರು ತುಂಬೋ ಹಬ್ಬಕ್ಕೆ ಹಂಡೆ ಹುಣಸೆಹಣ್ಣು ಹಾಕಿ ತಿಕ್ಕಿ, ಬಚ್ಚಲು ತೊಳೆದು, ಹಂಡೆಗೆ ಅರಿಶಿನ ಕುಂಕುಮ ಇಟ್ಟು ನೀರು ತುಂಬಿಸೋರು. ಪೂಜೆ ಅಂತ ನಾವು ನೋಡ್ತಿದ್ದದ್ದು ಶುದ್ಧ ಆನ್ಯುಯಲ್ ಮೆಂಟೆನೆನ್ಸ್.

ನಮ್ಮ ಬಿಲ್ಡಿಂಗಿನ ಎರಡನೇ ಫ್ಲೋರಿನ ಹೊಸ ಜೋಡಿ ಗ್ಯಾಸ್ ಗೀಸರ್ ಆರ್ಡರ್ ಮಾಡ್ತೀವಿ ಅಂದಾಗ ನಾನು ಕೆಳಗಿಳಿದು ಓನರ್ ಆಂಟಿ ಹತ್ತಿರ ಹೋದೆ. “ನೀವೆಲ್ಲ ಬರೋ ಮುಂಚೆ ಚೆನ್ನಾಗೇ ಕಾಯ್ತಿತ್ತಮ್ಮ” ಅಂದರು. “ಟೆರೇಸಿಗೆ ಬನ್ನಿ ಆಂಟಿ, ನೋಡೋಣ” ಅಂದೆ. ಮಂಡಿನೋವು ಅಂತ ಅವರು ಬರಲಿಲ್ಲ. ಫೋಟೋ ತೋರಿಸಿದೆ. ಮೂರು ಬಾಡಿಗೆ ಮನೆಯವರು ಸೇರಿ ಅರ್ಧ ಕೊಡ್ತೀವಿ ಅಂದ ಮೇಲೆ ಒಪ್ಪಿದರು.

ಮೆಕ್ಯಾನಿಕ್ ಬೆಳಿಗ್ಗೆ ಆರಕ್ಕೇ ಬಂದ. ಬಿಸಿಲಿಗೆ ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿಟ್ಟರೆ ಗಾಜು ಒಡೆಯುತ್ತೆ, ಅದಕ್ಕೆ. ನೀವು ಮಾಡಿಸಿದರೂ ಮಧ್ಯಾಹ್ನ ಬರ್ತೀನಿ ಅನ್ನೋರಿಗೆ ಬೇಡ ಅನ್ನಿ. ಟ್ಯೂಬ್ ಒಂದೊಂದಾಗಿ ಬಿಚ್ಚಿ, ತಳದ ಪುಡಿ ಸುರಿದು, ಟ್ಯಾಂಕ್ ತೊಳೆದು, ಸವೆದ ರಬ್ಬರ್ ರಿಂಗ್ ಮತ್ತು ಎರಡು ಒಡೆದ ಟ್ಯೂಬ್ ಬದಲಾಯಿಸಿದ. ಸಿಕ್ಕಿದ ಸುಣ್ಣ ಅರ್ಧ ಬಕೆಟ್. ಆಂಟಿ ಅದರಲ್ಲಿ ಒಂದು ಕವರಿನಷ್ಟು ಎತ್ತಿಟ್ಟುಕೊಂಡರು, ಊರಿಂದ ಬಂದವರಿಗೆ ತೋರಿಸೋಕಂತೆ. ಮೋಡದ ದಿನಗಳಲ್ಲಿ ಕರೆಂಟ್ ಗೀಸರ್ ಈಗಲೂ ಬೇಕು. ಉಳಿದ ದಿನ ಬೇಡ. ಬಿಸಿನೀರು ಬರೋವರೆಗೆ ಪೈಪಿನಲ್ಲಿರೋ ನಾಲ್ಕೈದು ಲೀಟರ್ ತಣ್ಣೀರು ಬೇರೆ ಬಕೆಟಿಗೆ ಹೋಗುತ್ತೆ, ನೆಲ ಒರೆಸೋಕೆ. 2024ರ ಬೇಸಿಗೆ ನೋಡಿದವರು ಅದನ್ನ ಚೆಲ್ಲಲ್ಲ.

ಹೋದ ತಿಂಗಳು ಅಗ್ರಿಮೆಂಟ್ ರಿನ್ಯೂ ಮಾಡಿಸುವಾಗ ಪೇಂಟಿಂಗ್ ಚಾರ್ಜಿನ ಕೆಳಗೆ ಒಂದು ಸಾಲು ಸೇರಿಸಿದ್ವಿ: ಸೋಲಾರ್ ಸರ್ವಿಸ್ ವರ್ಷಕ್ಕೊಮ್ಮೆ, ಅರ್ಧ ಓನರ್, ಅರ್ಧ ಬಾಡಿಗೆದಾರರು. ಯಾವ ತಿಂಗಳು ಅಂತ ಹಾಕಲಿ ಅಂತ ಟೈಪ್ ಮಾಡೋ ಹುಡುಗ ಕೇಳಿದ. “ನೀರು ತುಂಬೋ ಹಬ್ಬದ ಹಿಂದಿನ ಭಾನುವಾರ ಅಂತ ಹಾಕಪ್ಪ” ಅಂದರು ಆಂಟಿ.