ಮಾಗಡಿ ಕೆರೆಗೆ ಹೋಗದ ‘ಲಾಬ್‌ಸ್ಟರ್’

ಕಳೆದ ಡಿಸೆಂಬರ್ ರಜೆಯಲ್ಲಿ ಬೆಟಗೇರಿಯ ಅಕ್ಕನ ಮನೆಗೆ ಹೋದಾಗ ಬಾಗಿಲಲ್ಲೇ ಕೇಸ್ ನನ್ನ ಕೈಗೆ ಬಂತು. ಆರೋಪಿ ಒಂಬತ್ತು ವರ್ಷದ ಅಳಿಯನ ‘ಲಾಬ್‌ಸ್ಟರ್’. ಊರಿನದೇ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಅದೇ ಹೆಸರು ಹೇಳಿ ಕೊಟ್ಟಿದ್ದರಂತೆ. ಬೆರಳುದ್ದದ ಪ್ರಾಣಿ, ಕಂದು ಮೈ, ಮೇಲೆ ಮಾರ್ಬಲ್ ಕಲ್ಲಿನ ಹಾಗೆ ಬಿಳಿ ಗೀರು. ಮೂರು ತಿಂಗಳಲ್ಲಿ ನಾಲ್ಕು ಗಪ್ಪಿ ಮೀನು ತಿಂದಿದೆ, ಗಿಡ ಎಲ್ಲಾ ಕತ್ತರಿಸಿದೆ, ಒಂದು ರಾತ್ರಿ ಟ್ಯಾಂಕಿನಿಂದ ಇಳಿದು ಫ್ರಿಜ್ ಕೆಳಗೆ ಸಿಕ್ಕಿದೆ. ಅಕ್ಕ ಅದನ್ನು ಜಿರಲೆ ಅಂದುಕೊಂಡು ಪೊರಕೆ ಎತ್ತಿದ್ದಳು.

‘ನಾಳೆ ಹೆಂಗೂ ಲಕ್ಷ್ಮೇಶ್ವರಕ್ಕ ಹೊಂಟೀಯಲ್ಲ, ದಾರ್ಯಾಗ ಮಾಗಡಿ ಕೆರಿ ಬರ್ತೈತಿ, ಬಿಟ್ಟು ಹೋಗು. ಆರಾಮ್ ಇರ್ತೈತಿ’ ಅಂದಳು. ಅಳಿಯ ಅತ್ತ. ಆಮೇಲೆ ‘ದೊಡ್ಡ ಕೆರಿಯಾಗ ಇರ್ತಾನಲ್ಲ’ ಅಂತ ತಾನೇ ಸಮಾಧಾನ ಮಾಡಿಕೊಂಡ. ನನಗೂ ಅದು ಪುಣ್ಯದ ಕೆಲಸವೇ ಅನಿಸಿತು. ಐಸ್‌ಕ್ರೀಂ ಡಬ್ಬಿಗೆ ತೂತು ಕೊರೆದು, ಒದ್ದೆ ಬಟ್ಟೆ ಹಾಕಿ, ಭಾವನ ಬೈಕಿನ ಸೈಡ್ ಬ್ಯಾಗಿಗೆ ಸೇರಿಸಿದೆ.

ಮಾಗಡಿ ಕೆರೆ ನೋಡದವರಿಗೆ ಎರಡು ಮಾತು. ಶಿರಹಟ್ಟಿ ತಾಲ್ಲೂಕಿನ ಈ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಇದಕ್ಕೆ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು. ಅವತ್ತೂ ನೀರಿನ ನಡುವೆ ಹಕ್ಕಿಗಳು ಕೂತಿದ್ದವು. ದಂಡೆಯಲ್ಲಿ ಬೈಕ್ ನಿಲ್ಲಿಸಿ, ಡಬ್ಬಿ ತೆಗೆದು, ಬಿಡುವ ಮುಂಚೆ ಅಳಿಯನಿಗೆ ಕಳಿಸಲು ಒಂದು ಫೋಟೋ ತೆಗೆದೆ. ಫೋಟೋ ಜೂಮ್ ಮಾಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು: ಇದಕ್ಕೆ ಎರಡಲ್ಲ, ಆರು ಚಿಮ್ಮಟ!

ನನ್ನ ಅಜ್ಜನ ಹೊಲ ಮುಂಡರಗಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ಕಡೆ. ಮೊದಲ ಮಳೆಗೆ ಬದುವಿನ ಬಿಲಗಳಿಂದ ಹೊರಬರುವ ಏಡಿ ಹಿಡಿದು ಬೆಳೆದವನು ನಾನು. ಏಡಿಗೆ ಚಿಮ್ಮಟ ಎರಡೇ, ಮುಂದಿನ ಜೋಡಿ ಕಾಲಿಗೆ ಮಾತ್ರ. ಹೊಳೆ ಸಿಗಡಿಗೆ ಎರಡು ಜೋಡಿ. ಉದ್ದನೆಯದು ಎರಡನೇ ಜೋಡಿ. ಈ ಪ್ರಾಣಿಗೆ ಮೂರು ಜೋಡಿ, ಮೊದಲನೆಯದು ದೊಡ್ಡದು, ಹಿಂದಿನ ಎರಡು ಸಣ್ಣವು. ಅಂದರೆ ಏಡಿಯೂ ಅಲ್ಲ, ಸಿಗಡಿಯೂ ಅಲ್ಲ. ಡಬ್ಬಿ ಮುಚ್ಚಿ, ಪಕ್ಕದ ಚಹಾದಂಗಡಿಯಲ್ಲಿ ಕೂತು ಫೋನಿನಲ್ಲಿ ಹುಡುಕಲು ಶುರು ಮಾಡಿದೆ. ಒಂದು ಚಹಾ ಮೂರಾಯಿತು.

ಏಡಿ, ಸಿಗಡಿ, ಲಾಬ್‌ಸ್ಟರ್, ಇದು, ಎಲ್ಲವೂ ‘ದಶಪಾದಿ’ ಅನ್ನುವ ಒಂದೇ ಗಣ. ಹತ್ತು ಕಾಲು, ಗಟ್ಟಿ ಕವಚ, ಬೆಳೆಯಬೇಕೆಂದರೆ ಆ ಕವಚ ಕಳಚಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದೇ ಬೇಸ್ ಕ್ಲಾಸ್. ಆದರೆ ಕೊಂಬೆಗಳು ಬೇರೆ. ಏಡಿಗಳದ್ದು ಒಂದು ಕೊಂಬೆ, ಹೊಳೆ ಸಿಗಡಿಗಳದ್ದು ಮತ್ತೊಂದು. ಮೂರನೇ ಕೊಂಬೆಯಲ್ಲಿ ಸಮುದ್ರದ ಚಿಮ್ಮಟವಿರುವ ಲಾಬ್‌ಸ್ಟರ್ ಮತ್ತು ಸಿಹಿನೀರಿನ ಕ್ರೇಫಿಶ್ ಸೋದರಸಂಬಂಧಿಗಳು. ಡಬ್ಬಿಯಲ್ಲಿದ್ದದ್ದು ಕ್ರೇಫಿಶ್. ಅಂಗಡಿಯವರು ಪೂರ್ತಿ ಸುಳ್ಳು ಹೇಳಿರಲಿಲ್ಲ, ಕಸಿನ್ ಹೆಸರು ಹೇಳಿದ್ದರು ಅಷ್ಟೇ.

ಜಗತ್ತಿನಲ್ಲಿ 650ಕ್ಕೂ ಹೆಚ್ಚು ಕ್ರೇಫಿಶ್ ಪ್ರಭೇದಗಳಿವೆ. ಉತ್ತರಾರ್ಧದ ಕುಟುಂಬಗಳು ಬೇರೆ, ದಕ್ಷಿಣಾರ್ಧದ್ದು ಬೇರೆ. ಅಮೆರಿಕದ ಆಗ್ನೇಯ ರಾಜ್ಯಗಳ ಹಳ್ಳಕೊಳ್ಳಗಳಲ್ಲಿ ಅತಿ ಹೆಚ್ಚು ಬಗೆ; ಯುರೋಪಿನಲ್ಲಿ ಕೆಲವು; ಕೊರಿಯಾ, ಜಪಾನಿನ ಕಡೆ ಒಂದಿಷ್ಟು. ದಕ್ಷಿಣದಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಅಮೆರಿಕ, ಮಡಗಾಸ್ಕರ್. ಹರಿಯುವ ತೊರೆ, ಕೆರೆ, ಜೌಗು, ಗುಹೆಯೊಳಗಿನ ಕತ್ತಲ ನೀರು, ಬರೀ ಅಂತರ್ಜಲಕ್ಕೆ ಇಳಿಯುವ ಮಣ್ಣಿನ ಬಿಲ, ಎಲ್ಲಾ ಕಡೆ ಬದುಕುವ ಜಾತಿಗಳಿವೆ. ಟಾಸ್ಮೇನಿಯಾದ ಒಂದು ಕ್ರೇಫಿಶ್ ಸಿಹಿನೀರಿನ ಬೆನ್ನೆಲುಬಿಲ್ಲದ ಪ್ರಾಣಿಗಳಲ್ಲೇ ಅತಿ ದೊಡ್ಡದು.

ಭಾರತದಲ್ಲಿ ಎಷ್ಟು? ಸೊನ್ನೆ. ತುಂಗಭದ್ರೆಯಲ್ಲಿ ಇಲ್ಲ, ಗಂಗೆಯಲ್ಲಿ ಇಲ್ಲ, ಪಶ್ಚಿಮ ಘಟ್ಟದ ತೊರೆಯಲ್ಲೂ ಇಲ್ಲ. ಅದಕ್ಕೇ ಇರಬೇಕು, ಏಡಿಗೆ ನಮ್ಮಲ್ಲಿ ಹೆಸರಿದೆ, ಸಿಗಡಿಗಿದೆ, ಇದಕ್ಕೆ ಇಲ್ಲ. ರಾಶಿಚಕ್ರದಲ್ಲೂ ನಮ್ಮ ಕರ್ಕಾಟಕ ಏಡಿಯೇ. ಯುರೋಪಿನ ಹಳೆಯ ಚಿತ್ರಗಳಲ್ಲಿ ಅದೇ ರಾಶಿಗೆ ಎಷ್ಟೋ ಸಲ ಕ್ರೇಫಿಶ್ ಬರೆದಿರುತ್ತಾರೆ. ಅವರವರ ಹಳ್ಳದಲ್ಲಿ ಇದ್ದದ್ದನ್ನು ಅವರವರು ಆಕಾಶಕ್ಕೆ ಏರಿಸಿದ್ದಾರೆ!

ಇದು ಅಷ್ಟು ಸಹಜವಾದ ಸೊನ್ನೆ ಅಲ್ಲ. ಮಡಗಾಸ್ಕರ್ ದ್ವೀಪದಲ್ಲಿ ಅಲ್ಲಿಯದೇ ಆದ ಏಳು ಪ್ರಭೇದಗಳಿವೆ. ಸುಮಾರು 9 ಕೋಟಿ ವರ್ಷದ ಹಿಂದಿನವರೆಗೆ ಆ ದ್ವೀಪ ನಮ್ಮ ನೆಲಕ್ಕೇ ಅಂಟಿಕೊಂಡಿತ್ತು. ಅವರ ಹತ್ತಿರ ಉಳಿದದ್ದು ನಮ್ಮಲ್ಲೇಕೆ ಇಲ್ಲ? ಭೂಖಂಡ ಉತ್ತರಕ್ಕೆ ತೇಲುತ್ತಾ ಭೂಮಧ್ಯರೇಖೆ ದಾಟುವಾಗ ಬಿಸಿಗೆ ಅಳಿದವು ಅನ್ನುವುದು ಒಂದು ವಾದ. ಅವುಗಳ ಜಾಗವನ್ನು ಏಡಿಗಳು ಹಿಡಿದವು ಅನ್ನುವುದು ಇನ್ನೊಂದು. ಡಾರ್ವಿನ್ ಗೆಳೆಯ ಥಾಮಸ್ ಹಕ್ಸ್‌ಲಿ 1880ರಲ್ಲಿ ಈ ಒಂದೇ ಪ್ರಾಣಿಯನ್ನಿಟ್ಟುಕೊಂಡು ಇಡೀ ಪ್ರಾಣಿಶಾಸ್ತ್ರ ಕಲಿಸುವ ಪುಸ್ತಕ ಬರೆದ. ಅದರಲ್ಲೂ ಈ ಹಂಚಿಕೆಯ ಒಗಟಿಗೆ ಜಾಗವಿದೆ.

ಕ್ರೇಫಿಶ್ ಬೇರೆ ಕಡೆ ಮಾಡುವ ಕೆಲಸವನ್ನು ನಮ್ಮಲ್ಲಿ ಮಾಡುವುದು ಏಡಿ. ಕೊಳೆತ ಎಲೆ, ಸತ್ತ ಮೀನು ತಿನ್ನುವುದು, ಮಣ್ಣು ತಿರುವಿ ಹಾಕುವುದು, ಕೊಕ್ಕರೆಗೆ ಊಟವಾಗುವುದು. ನಾನು ಬದುವಿನಲ್ಲಿ ಹಿಡಿಯುತ್ತಿದ್ದಂಥ ದಖ್ಖನ್ನಿನ ಸಾಮಾನ್ಯ ಏಡಿಗೆ ಬ್ಯಾರಿಟೆಲ್ಫೂಸಾ ಕುನಿಕ್ಯುಲಾರಿಸ್ ಅಂತ ಹೆಸರು. 1836ರಲ್ಲಿ ಇಂಗ್ಲಿಷ್ ವಿಜ್ಞಾನಿ ವೆಸ್ಟ್‌ವುಡ್ ಇಟ್ಟದ್ದು, ದಖ್ಖನ್ ಸುತ್ತಿದ ಕರ್ನಲ್ ಸೈಕ್ಸ್ ಕೊಟ್ಟ ಮಾಹಿತಿಯ ಜೊತೆ. ಕುನಿಕ್ಯುಲಸ್ ಅಂದರೆ ಲ್ಯಾಟಿನ್‌ನಲ್ಲಿ ಮೊಲ, ಬಿಲ ಎರಡೂ. ಬದು ತೂತು ಮಾಡಿದ್ದಕ್ಕೆ ಅಜ್ಜ ಅದಕ್ಕೆ ಇಟ್ಟಿದ್ದ ಹೆಸರುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಭಾರತದಲ್ಲಿ ಸಿಹಿನೀರಿನ ಏಡಿಗಳು ನೂರಕ್ಕೂ ಹೆಚ್ಚು ಬಗೆ. ಇನ್ನೂ ಹೊಸವು ಸಿಗುತ್ತಿವೆ. 2022ರಲ್ಲಿ ನಮ್ಮ ಪಕ್ಕದ ಉತ್ತರ ಕನ್ನಡದ ಯಲ್ಲಾಪುರದ ಕಡೆ ಬಿಳಿ ಮೈ, ನೇರಳೆ ಕಾಲಿನ ‘ಘಟಿಯಾನಾ ದ್ವಿವರ್ಣ’ ಸಿಕ್ಕಿತು. ಕಂಡುಹಿಡಿದವರಲ್ಲಿ ಅರಣ್ಯ ಇಲಾಖೆಯ ಪರಶುರಾಮ ಭಜಂತ್ರಿ, ನಿಸರ್ಗಪ್ರಿಯ ಗೋಪಾಲಕೃಷ್ಣ ಹೆಗಡೆ ಇದ್ದಾರೆ. ಒಂದೊಂದು ಬೆಟ್ಟಕ್ಕೆ ಒಂದೊಂದು ಏಡಿ ಯಾಕೆ? ಮಗುವಿದ್ದಾಗ ನಾನೇ ಉತ್ತರ ನೋಡಿದ್ದೆ, ಗೊತ್ತಾಗಿರಲಿಲ್ಲ. ತಾಯಿ ಏಡಿಯ ಹೊಟ್ಟೆ ಮುಚ್ಚಳ ತೆರೆದರೆ ಒಳಗೆ ಸಾಸಿವೆಯ ಹಾಗೆ ಪುಟಾಣಿ ಏಡಿಗಳು ಹರಿದಾಡುತ್ತಿದ್ದವು. ಸಮುದ್ರದ ಏಡಿಯ ಮೊಟ್ಟೆಯಿಂದ ನೀರಿನಲ್ಲಿ ತೇಲುವ ಲಾರ್ವಾ ಬರುತ್ತದೆ, ಅಲೆ ಅದನ್ನು ಎಲ್ಲಿಗೋ ಒಯ್ಯುತ್ತದೆ. ಸಿಹಿನೀರಿನ ಏಡಿಗೆ ಆ ಹಂತವೇ ಇಲ್ಲ. ಮೊಟ್ಟೆಯಿಂದ ನೇರ ಏಡಿ. ಹುಟ್ಟಿದ ಹಳ್ಳದಲ್ಲೇ ಉಳಿಯುತ್ತದೆ, ಲಕ್ಷಾಂತರ ವರ್ಷದಲ್ಲಿ ಬೇರೆಯೇ ಜಾತಿ ಆಗುತ್ತದೆ.

ಹೋಟೆಲ್ ಮೆನುವಿನ ‘ಸ್ಕಾಂಪಿ’ಯದು ಇದರ ಉಲ್ಟಾ ಕಥೆ. ಬೆಳೆಯುವುದು ಹೊಳೆಯ ಸಿಹಿನೀರಿನಲ್ಲಿ, ಆದರೆ ಮರಿ ಬದುಕಲು ಉಪ್ಪು ಬೆರೆತ ನೀರು ಬೇಕು. ಸಾಫ್ಟ್‌ವೇರ್‌ನವರಿಗೆ ಅರ್ಥವಾಗುವ ಹಾಗೆ ಹೇಳಿದರೆ, ಸ್ಕಾಂಪಿಗೆ ಸಮುದ್ರ ಅನ್ನುವ ಡಿಪೆಂಡೆನ್ಸಿ ಇದೆ. ಗದಗ ಜಿಲ್ಲೆಯ ಯಾವುದೋ ಕೆರೆಗೆ ಅದನ್ನು ಹಾಕಿದರೆ ಬೆಳೆಯುತ್ತದೆ, ಆದರೆ ಆ ಕೆರೆಯಲ್ಲಿ ಸಂತಾನ ಮುಂದುವರಿಯುವುದಿಲ್ಲ.

ಕ್ರೇಫಿಶ್‌ಗೆ ಆ ಡಿಪೆಂಡೆನ್ಸಿ ಇಲ್ಲ. ಏಡಿಯ ಹಾಗೆ ಅದೂ ಮೊಟ್ಟೆಯನ್ನು ಬಾಲದ ಕೆಳಗೆ ಅಂಟಿಸಿಕೊಂಡು ಓಡಾಡುತ್ತದೆ, ಮರಿಗಳು ಅಲ್ಲೇ ಜೋತುಬಿದ್ದು ಬೆಳೆಯುತ್ತವೆ. ಒಂದು ಕೆರೆ ಸಾಕು. ಚಹಾದಂಗಡಿಯಲ್ಲಿ ಇದು ತಿಳಿದ ಮೇಲೆ ಭಾವನಿಗೆ ಫೋನ್ ಮಾಡಿದೆ. ‘ಬ್ಯಾಸಿಗ್ಯಾಗ ಕೆರಿ ಬತ್ತಿದ್ರ ತಾನ ಸಾಯ್ತೈತಿ, ಸುಮ್ನ ಬಿಡೋ’ ಅಂದರು. ನನಗೂ ಒಂದು ಕ್ಷಣ ಸರಿ ಅನಿಸಿತು. ಆದರೆ ಅಕ್ವೇರಿಯಂ ವ್ಯಾಪಾರದಲ್ಲಿ ಓಡಾಡುವ ಅಮೆರಿಕದ ಕೆಂಪು ಜೌಗು ಕ್ರೇಫಿಶ್ ನೀರು ಬತ್ತಿದರೆ ಬಿಲ ತೋಡಿ ತೇವ ಇರುವಲ್ಲಿಗೆ ಇಳಿಯುತ್ತದೆ, ಮಳೆ ಬಂದರೆ ಎದ್ದು ಬರುತ್ತದೆ. ನೆಲದ ಮೇಲೆ ನಡೆದು ಇನ್ನೊಂದು ನೀರಿಗೆ ಹೋಗುತ್ತದೆ. ಫ್ರಿಜ್ ಕೆಳಗಿನ ಪ್ರವಾಸ ನೆನಪಾಯಿತು.

1927ರಲ್ಲಿ ಜಪಾನಿಗೆ ಇದನ್ನು ತಂದದ್ದು ಸಾಕಿದ ಕಪ್ಪೆಗಳಿಗೆ ಮೇವು ಅಂತ. ಅಲ್ಲಿಂದ ತಪ್ಪಿಸಿಕೊಂಡು ದೇಶವೆಲ್ಲಾ ಹರಡಿತು. 2023ರಲ್ಲಿ, ಅಂದರೆ ಸುಮಾರು ನೂರು ವರ್ಷದ ಮೇಲೆ, ಮಾರಾಟ ಮತ್ತು ನೀರಿಗೆ ಬಿಡುವುದನ್ನು ಜಪಾನ್ ನಿಷೇಧಿಸಿತು. ಮನೆಯಲ್ಲಿ ಸಾಕಿಕೊಂಡಿರುವವರು ಇಟ್ಟುಕೊಳ್ಳಬಹುದು. ಕೆನ್ಯಾದ ನೈವಾಶಾ ಸರೋವರಕ್ಕೆ 1970ರಲ್ಲಿ ಮೀನುಗಾರಿಕೆಗೆ ಅಂತ ಬಿಟ್ಟರು, ಅದು ನೀರೊಳಗಿನ ಗಿಡಗಳನ್ನೇ ಬೋಳಿಸಿತು. ಇದು ಮೀನಿನ ಮೊಟ್ಟೆ, ಗೊದಮೊಟ್ಟೆ, ಬಸವನಹುಳು, ಸೊಪ್ಪು ಯಾವುದನ್ನೂ ಬಿಡುವುದಿಲ್ಲ. ಬಿಲ ತೋಡಿ ಏರಿ, ಕಾಲುವೆ ದಂಡೆ ಸಡಿಲ ಮಾಡುತ್ತದೆ. ಹಮ್ಮಿಗಿ ಬ್ಯಾರೇಜಿನ ನೀರು ಕಾಲುವೆಯಲ್ಲಿ ಹೊಲಕ್ಕೆ ಬರಲಿ ಅಂತ ವರ್ಷಗಟ್ಟಲೆ ಕಾದವರು ನಮ್ಮ ಮುಂಡರಗಿ ಕಡೆಯವರು. ಆ ಕಾಲುವೆಗೆ ಇದು ಸೇರಿದರೆ ಅಜ್ಜನ ಬೈಗುಳದ ಪಟ್ಟಿ ಸಾಕಾಗುವುದಿಲ್ಲ.

ಆದರೂ ‘ಒಂದೇ ಒಂದು ಪ್ರಾಣಿ, ಜೋಡಿ ಎಲ್ಲಿದೆ?’ ಅನ್ನುವ ಸಮಾಧಾನ ಉಳಿದಿತ್ತು. ಮೂರನೇ ಚಹಾಕ್ಕೆ ಅದೂ ಹೋಯಿತು.

1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂ ಹವ್ಯಾಸಿಗಳಿಗೆ ವಿಚಿತ್ರ ಕ್ರೇಫಿಶ್ ಒಂದು ಸಿಕ್ಕಿತು. ಒಂಟಿಯಾಗಿ ಇಟ್ಟರೂ ಮರಿ ಹಾಕುತ್ತಿತ್ತು. ಮರಿಗಳೆಲ್ಲಾ ಹೆಣ್ಣು, ಎಲ್ಲಾ ತಾಯಿಯ ನಕಲು. ಹೆಸರು ಮಾರ್ಬಲ್ಡ್ ಕ್ರೇಫಿಶ್. ಫ್ಲಾರಿಡಾ ಕಡೆಯ ಒಂದು ಜಾತಿಯಿಂದ ಬಂದದ್ದು, ಆದರೆ ಕ್ರೋಮೋಸೋಮ್‌ಗಳು ಎರಡರ ಬದಲು ಮೂರು ಪ್ರತಿ. 2018ರಲ್ಲಿ ಅದರ ಜೀನೋಮ್ ಓದಿದಾಗ ಜರ್ಮನಿಯದ್ದೂ ಮಡಗಾಸ್ಕರಿನದ್ದೂ ಒಂದೇ ತದ್ರೂಪಿ ಅಂತ ಗೊತ್ತಾಯಿತು. ಹೌದು, ಮಡಗಾಸ್ಕರ್! ತನ್ನದೇ ಏಳು ಪ್ರಭೇದ ಇರುವ ಆ ದ್ವೀಪಕ್ಕೂ ಇದು ಹೊಕ್ಕಿದೆ. ರಾಜಧಾನಿಯ ಸಂತೆಯಲ್ಲಿ ತಿನ್ನಲು ಮಾರುತ್ತಾರೆ, ಗದ್ದೆಗಳಲ್ಲಿ ತುಂಬಿದೆ. ನಮ್ಮ ಟೀಮಿನಲ್ಲಿ ಯಾರೋ ಒಂದು ಬಗ್ ಇರುವ ಫೈಲನ್ನು ಎಲ್ಲಾ ಕಡೆ ಕಾಪಿ ಪೇಸ್ಟ್ ಮಾಡಿದರೆ ಏನಾಗುತ್ತದೋ ಹಾಗೆ. ಇಲ್ಲಿ ಡಿಲೀಟ್ ಇಲ್ಲ, ಅಷ್ಟೇ ವ್ಯತ್ಯಾಸ.

ಕಂದು ಮೈ. ಮಾರ್ಬಲ್ ಗೀರು. ಸಣ್ಣ ಚಿಮ್ಮಟ. ಡಬ್ಬಿ ಮತ್ತೆ ತೆರೆದು ಹೊಟ್ಟೆ ಕಡೆ ತಿರುಗಿಸಿ ನೋಡಿದೆ. ಗಂಡಿಗೆ ಬಾಲದ ಮೊದಲ ಎರಡು ಜೋಡಿ ಈಜುಕಾಲು ಗಟ್ಟಿ ಕಡ್ಡಿಯ ಹಾಗೆ ಮುಂದಕ್ಕೆ ಮಡಚಿರುತ್ತದೆ. ಇದಕ್ಕೆ ಇರಲಿಲ್ಲ. ಹೆಣ್ಣು.

ಅಂಗಡಿಗೆ ಫೋನ್ ಮಾಡಿ ವಾಪಸ್ ತಗೋತೀರಾ ಅಂತ ಕೇಳಿದೆ. ‘ಮಾರಿದ್ದು ವಾಪಸ್ ಇಲ್ರಿ ಸರ, ಯಾವ್ದರ ಕೆರಿಗೆ ಬಿಟ್ಬಿಡ್ರಿ’ ಅಂದರು. ಅವರನ್ನೇನು ಬೈಯುವುದು? ಅರ್ಧ ಗಂಟೆ ಹಿಂದೆ ನಾನೂ ಅದನ್ನೇ ಮಾಡಲು ಬಂದಿದ್ದೆ, ಫೋಟೋ ಸಮೇತ.

ಲಕ್ಷ್ಮೇಶ್ವರದ ಮನೆಯಲ್ಲಿ ನಾಲ್ಕು ದಿನ ಅದು ಮುಚ್ಚಳ ಹಾಕಿದ ಬಕೆಟ್‌ನಲ್ಲಿ ಇತ್ತು. ಅವ್ವ ಮೂಲಂಗಿ ತುಂಡು ಹಾಕಿ ‘ಇದಕ್ಕೂ ಅಡಿಗಿ ಮಾಡ್ಬೇಕಾತು’ ಅಂದಳು. ಆಮೇಲೆ ರಾತ್ರಿ ಬಸ್ಸಿನಲ್ಲಿ, ನನ್ನ ಕಾಲಬುಡದಲ್ಲಿ, ಬೆಂಗಳೂರಿಗೆ ಬಂತು. ಈಗ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿನ ಬಾಲ್ಕನಿಯಲ್ಲಿದೆ. ಟ್ಯಾಂಕಿನ ಮುಚ್ಚಳದ ಮೇಲೆ ನನ್ನ ಎಂಜಿನಿಯರಿಂಗ್ ಕಾಲದ ದಪ್ಪ ಪುಸ್ತಕ ಎರಡು. ಅವು ಕೊನೆಗೂ ಒಂದು ಕೆಲಸಕ್ಕೆ ಬಂದವು. ನೀರು ಬದಲಿಸುವಾಗ ಸೋಸಿ, ಹಳೆ ನೀರನ್ನು ಕುಂಡದ ಗಿಡಕ್ಕೆ ಹಾಕುತ್ತೇನೆ, ಚರಂಡಿಗೆ ಅಲ್ಲ. ಜನವರಿಯಲ್ಲಿ ಒಮ್ಮೆ ಕವಚ ಕಳಚಿತು. ಖಾಲಿ ಕವಚ ನೋಡಿ ಹೆಂಡತಿ ಸತ್ತೇ ಹೋಯಿತು ಅಂದುಕೊಂಡು ಮೀಟಿಂಗ್ ಮಧ್ಯೆ ಮೆಸೇಜ್ ಮಾಡಿದಳು. ಅವಳ ಧ್ವನಿಯಲ್ಲಿ ಅಷ್ಟೇನೂ ದುಃಖ ಇರಲಿಲ್ಲ ಅಂತ ನನ್ನ ಅನುಮಾನ.

ಮೊಟ್ಟೆ ಇಟ್ಟರೆ ಏನು ಮಾಡಬೇಕು ಅನ್ನುವುದೂ ಗೊತ್ತಿದೆ. ಫ್ರೀಜರ್. ತಣ್ಣಗಾಗುತ್ತಾ ನಿಧಾನಕ್ಕೆ ಮಲಗುತ್ತವೆ. ಆಮೇಲೂ ಕೆರೆಗಲ್ಲ, ಟಾಯ್ಲೆಟ್ಟಿಗಲ್ಲ, ಕಸಕ್ಕೆ. ನೂರಾರು ಮರಿ, ಬೆರಳಿನ ಉಗುರಿಗಿಂತ ಸಣ್ಣವು. ಇದನ್ನು ಅಳಿಯನಿಗೆ ಇನ್ನೂ ಹೇಳಿಲ್ಲ. ಆದರೆ ಕೆರೆಗೆ ಯಾಕೆ ಬಿಡಲಿಲ್ಲ ಅಂತ ಹೇಳಿದ್ದೇನೆ, ಮಡಗಾಸ್ಕರ್ ಸಮೇತ. ಅವನು ಶಾಲೆಯಲ್ಲಿ ಭೂಪಟದ ಮೇಲೆ ಅದನ್ನು ಹುಡುಕಿ ಟೀಚರ್‌ಗೆ ತೋರಿಸಿದನಂತೆ.

ಪ್ರತಿ ಭಾನುವಾರ ಬೆಳಗ್ಗೆ ವಿಡಿಯೋ ಕಾಲ್ ಬರುತ್ತದೆ. ನಾನು ಟಾರ್ಚ್ ಹಾಕಿ ಟ್ಯಾಂಕಿನ ಮುಂದೆ ಕೂರುತ್ತೇನೆ.

‘ಮಾಮಾ, ಬಾಲದ ಕೆಳಗ ನೋಡಿದಿ?’

‘ನೋಡಿದೆ.’

‘ಏನೈತಿ?’

‘ಇವತ್ತಿಗೆ ಏನೂ ಇಲ್ಲ.’